40 ಬಂದವರು ಪಾಯಸ ಮಾಡಬೇಕಾ?

ಬೆಳಗ್ಗೆಯಿಂದ ಮೂರು ಜನ ಒಂದೇ ರೀಲ್ ಕಳಿಸಿದ್ದಾರೆ. ಪ್ರಶ್ನಾವಳಿಯಲ್ಲಿ 41 ಅಂಕ ಮುಟ್ಟಿದರೆ ನೀವು 'ಸ್ಕಿಜೋಟೈಪಲ್' ಅಂತೆ, ಅಂದರೆ ವಿಚಿತ್ರ ನಂಬಿಕೆ-ಅನುಭವಗಳಿರುವ, ಜನರೊಡನೆ ಬೆರೆಯಲಾಗದ ವ್ಯಕ್ತಿತ್ವದ ಕಾಯಿಲೆಯವರು. ಹಾಗಾದರೆ 40 ಬಂದವರು ಏನು ಮಾಡಬೇಕು, ಪಾಯಸ ಮಾಡಿ ಹಂಚಬೇಕಾ?

ಆ 41 ಎಲ್ಲಿಂದ ಬಂತು ಅಂತ ಒಬ್ಬರಾದರೂ ಕೇಳಿದ್ದೀರಾ? 1991ರಲ್ಲಿ ಮನೋವಿಜ್ಞಾನಿ ಏಡ್ರಿಯನ್ ರೇನ್ ರೂಪಿಸಿದ ಎಸ್‌ಪಿಕ್ಯೂ ಅನ್ನುವ ಪ್ರಶ್ನಾವಳಿಯಿಂದ. 74 ಪ್ರಶ್ನೆ, ಪ್ರತಿ 'ಹೌದು'ಗೆ ಒಂದಂಕ. ಅವರು ಪರೀಕ್ಷಿಸಿದ ವಿದ್ಯಾರ್ಥಿಗಳಲ್ಲಿ ಮೇಲಿನ ಶೇ. 10 ಶುರುವಾಗುವ ಜಾಗವೇ ಈ 41. ಅಷ್ಟೇ. ಯಾರನ್ನೇ ಸಾಲಾಗಿ ನಿಲ್ಲಿಸಿ, ಮೇಲಿನ ಶೇ. 10 ಅಂತ ಇದ್ದೇ ಇರುತ್ತದೆ. ಆ ತುದಿಯವರನ್ನು ಕೂರಿಸಿ ಸಂದರ್ಶನ ಮಾಡಿದಾಗಲೂ ಕಾಯಿಲೆಯ ಲೆಕ್ಕಕ್ಕೆ ಸಿಕ್ಕಿದ್ದು ಶೇ. 55 ಮಂದಿ. ಉಳಿದವರನ್ನು ರೀಲ್‌ನವರು ಯಾವ ಖಾತೆಗೆ ಹಾಕುತ್ತಾರೋ!

ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಕೈಪಿಡಿ ಡಿಎಸ್‌ಎಂ-5ರ ಗೆರೆಯೂ ಹೆಚ್ಚುಕಮ್ಮಿ ಇದೇ ಜಾತಿಯದು. ಒಂಬತ್ತು ಲಕ್ಷಣಗಳಲ್ಲಿ ಐದಿರಬೇಕು. ಎಲ್ಲರೂ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅನ್ನಿಸುವುದು, ವಿಚಿತ್ರ ನಂಬಿಕೆ, ಇಲ್ಲದ್ದು ಕಂಡಂತಾಗುವುದು, ಸಂಶಯ, ಆಪ್ತರೇ ಇಲ್ಲದಿರುವುದು, ಎಷ್ಟು ಪರಿಚಯವಾದರೂ ಜನರೆದುರು ಕರಗದ ಆತಂಕ, ಹೀಗೆ. ಲೆಕ್ಕ ಹಾಕಿ ನೋಡಿ: ಐದು ಅಥವಾ ಹೆಚ್ಚು ಲಕ್ಷಣ ಕೂಡಿಬರುವ ಬಗೆಗಳು 256. ಒಂದೇ ಹೆಸರಿನ ಚೀಟಿ ಹೊತ್ತ ಇಬ್ಬರ ನಡುವೆ ಒಂದೇ ಒಂದು ಲಕ್ಷಣ ಸಮಾನವಾಗಿರಬಹುದು. ನಾಲ್ಕೇ ಇರುವವನು, ಎಷ್ಟೇ ಒದ್ದಾಡುತ್ತಿರಲಿ, ಗೆರೆಯ ಆಚೆ. ಇದನ್ನು ನಿಸರ್ಗವೇ ಕಟ್ಟಿದ ಗೋಡೆ ಅನ್ನುತ್ತೀರಾ? ಗೆರೆ ಎಳೆದವರು ನಾವೇ, ಮಾರಾಯ್ರೇ.

'ಇಲ್ಲ, ಇದು ಬೇರೆಯದೇ ಗುಂಪು' ಅಂತ ಗಟ್ಟಿಯಾಗಿ ವಾದಿಸಿದವರು ಅಮೆರಿಕದ ಮನೋವಿಜ್ಞಾನಿ ಪಾಲ್ ಮೀಲ್. 1962ರ ಅವರ ಪ್ರಬಂಧದ ಜಾಡಿನಲ್ಲಿ ಹೋದರೆ ಜನರಲ್ಲಿ ಸುಮಾರು ಶೇ. 10 ಮಂದಿ ಸ್ಕಿಜೋಟೈಪ್‌ಗಳು, ಅಂದರೆ ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮನೋರೋಗದ ಕಡೆ ಹುಟ್ಟಿನಿಂದಲೇ ವಾಲಿದವರು, ಮೂಲದಲ್ಲಿ ಒಂದು ಪ್ರಬಲ ಜೀನ್. ನಿಜ ಹೇಳಿಬಿಡುತ್ತೇನೆ, ಮೀಲ್ ಅವರನ್ನು ಓದುವಾಗ ನಾನು ಪ್ರತಿ ಸಲ ಸೋಲುತ್ತೇನೆ. ಪುಸ್ತಕ ಮುಚ್ಚಿದ ಮೇಲೆಯೇ ಸಂಶಯ ಶುರುವಾಗುವುದು. ಆ ಒಂದು ಜೀನ್ ಸಿಗಲೇ ಇಲ್ಲ. 2022ರ ದೊಡ್ಡ ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾಕ್ಕೆ ನಂಟಿರುವ 287 ತಾಣಗಳು ಜೀನೋಮ್ ತುಂಬ ಚದುರಿಕೊಂಡಿವೆ, ಒಂದೊಂದರ ಪಾಲೂ ಚಿಟಿಕೆಯಷ್ಟು.

ಗುಂಪು ಇದೆಯೋ ಇಲ್ಲವೋ ಅಂತ ಪತ್ತೆ ಮಾಡುವ ಲೆಕ್ಕವನ್ನೂ ಮೀಲ್ ಅವರೇ ಕೊಟ್ಟರು. ಅದರಲ್ಲಿ ಮ್ಯಾಮ್‌ಬ್ಯಾಕ್ ಅನ್ನುವುದು ಹೀಗೆ: ಜನರನ್ನು ಸಂಶಯದ ಅಂಕದ ಪ್ರಕಾರ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ. ಸಾಲನ್ನು ಒಂದು ಕಡೆ ಕತ್ತರಿಸಿ, ಎರಡೂ ತುಂಡಿನವರ ಇನ್ನೊಂದು ಲಕ್ಷಣದ, ಅಂದರೆ ವಿಚಿತ್ರ ನಂಬಿಕೆಯ, ಸರಾಸರಿ ಎಷ್ಟು ದೂರ ಇದೆ ನೋಡಿ. ಕತ್ತರಿಯನ್ನು ಸರಿಸುತ್ತ ಹೋಗಿ. ನಿಜಕ್ಕೂ ಎರಡು ಗುಂಪಿದ್ದರೆ ಅವು ಬೇರೆಯಾಗುವ ಕಡೆ ಆ ದೂರದ ನಕ್ಷೆ ಗುಡ್ಡದಂತೆ ಉಬ್ಬುತ್ತದೆ. ಬರೀ ಹೆಚ್ಚು-ಕಡಿಮೆಯ ವಿಷಯವಾದರೆ ಬಾಣಲೆಯಂತೆ ನಡು ತಗ್ಗು.

ಕೆಡುವುದು ಎಲ್ಲಿ ಗೊತ್ತಾ? ಇಂಥ ಪ್ರಶ್ನೆಗಳಿಗೆ ಬಹುತೇಕರು 'ಇಲ್ಲ' ಅನ್ನುತ್ತಾರೆ. ಅಂಕಗಳೆಲ್ಲ ಎಡಕ್ಕೆ ರಾಶಿ ಬಿದ್ದು ಬಲಕ್ಕೆ ಉದ್ದ ಬಾಲ. ಗುಂಪೇ ಇಲ್ಲದಿದ್ದರೂ ಬಲತುದಿಯಲ್ಲಿ ನಕ್ಷೆ ಮೇಲೇಳುತ್ತದೆ, 'ಸಿಕ್ಕಿತು ಗುಂಪು' ಅಂತ ಕುಣಿಯುತ್ತಾರೆ. ಆಸ್ಪತ್ರೆಯ ರೋಗಿಗಳನ್ನೂ ಕಾಲೇಜು ಹುಡುಗರನ್ನೂ ಒಂದೇ ಚೀಲಕ್ಕೆ ಹಾಕಿದರಂತೂ ಮುಗಿಯಿತು, ಎರಡು ಗುಂಪನ್ನು ನೀವೇ ತಂದು ಸುರಿದಿರಿ. ಅದಕ್ಕೇ ಈಗ ಅದೇ ಓರೆಯಿರುವ ನಕಲಿ ಡೇಟಾ ಎರಡು ಬಗೆಯಲ್ಲಿ ಮಾಡಿ, ಒಂದು ಗುಂಪಿನದು, ಒಂದು ಬರೀ ಹೆಚ್ಚು-ಕಡಿಮೆಯ ಏರಿಳಿತದ್ದು, ನಿಜವಾದ ಡೇಟಾದ ನಕ್ಷೆ ಯಾವುದಕ್ಕೆ ಹತ್ತಿರ ಅಂತ ಅಳೆಯುತ್ತಾರೆ. ಅಳತೆ 0.45ಕ್ಕಿಂತ ಕಡಿಮೆ ಬಂದರೆ ಏರಿಳಿತ, 0.55 ದಾಟಿದರೆ ಗುಂಪು, ನಡುವೆ ಬಂದರೆ ಬಾಯಿ ಮುಚ್ಚಿಕೊಂಡು ಕೂರಬೇಕು. ಹೀಗೆ ಸೋಸಿದ ಮೇಲೆ ಹಳೆಯ ಎಷ್ಟೋ 'ಗುಂಪು'ಗಳು ಮಾಯ. ಸ್ಕಿಜೋಟೈಪಿ, ಅಂದರೆ ಮೀಲ್ ಹೇಳಿದ ಆ ವಾಲುವಿಕೆ ಮಾತ್ರ, ಇಂಥ ಅಧ್ಯಯನಗಳ 2012ರ ವಿಮರ್ಶೆಯಲ್ಲೂ ಗುಂಪುಗಳ ಪಟ್ಟಿಯಿಂದ ಪೂರ್ತಿ ಅಳಿಸಿಹೋಗಲಿಲ್ಲ, ಅದು ನನ್ನ ಗಂಟಲಲ್ಲಿ ಸಿಕ್ಕ ಮುಳ್ಳು.

'ಡಾಕ್ಟರಿಗೆ ಹೌದು-ಇಲ್ಲ ಬೇಕಲ್ಲ?' ಅನ್ನುತ್ತೀರಿ. ಬೇಕು. ಬಿಪಿಗೂ 140/90 ಅಂತ ಗೆರೆ ಇದೆ, 139 ಬಂದವನ ರಕ್ತನಾಳ ಬೇರೆ ಜಾತಿಯದಾ? ಮಾತ್ರೆ ಕೊಡಲು ಗೆರೆ ಬೇಕು ಅಂದಮಾತ್ರಕ್ಕೆ ಗೋಡೆ ಇದೆ ಅಂತಲ್ಲ.

ಏರಿಳಿತ ಅಂದೆನಲ್ಲ, ಅದೂ ಒಂದೇ ಏಣಿಯಲ್ಲ. ವಿಚಿತ್ರ ಅನುಭವ, ಜನರಿಂದ ದೂರ ಉಳಿಯುವುದು, ಮಾತು-ನಡವಳಿಕೆಯ ಅಸ್ತವ್ಯಸ್ತತೆ, ಮೂರೂ ಬೇರೆ ಬೇರೆ ಏರುತ್ತವೆ. ಮೊದಲನೆಯದು ಮಾತ್ರ ಹೆಚ್ಚಿದ್ದು ಆರಾಮಾಗಿ ಸಂಸಾರ ಮಾಡಿಕೊಂಡಿರುವವರು ಇದ್ದಾರೆ, ಮನೋವಿಜ್ಞಾನಿ ಗಾರ್ಡನ್ ಕ್ಲಾರಿಜ್ ಜೀವಮಾನವಿಡೀ ಇದನ್ನೇ ಹೇಳಿದರು. ಒಟ್ಟು ಅಂಕದಲ್ಲಿ ಇದು ಕಾಣುವುದಿಲ್ಲ. ರೀಲ್‌ನಲ್ಲಂತೂ ಬಿಡಿ.

ಅಂದಹಾಗೆ, ಆ 74ರಲ್ಲಿ ಒಂದು ಪ್ರಶ್ನೆ ಜ್ಯೋತಿಷ್ಯ, ಭವಿಷ್ಯ, ಆರನೇ ಇಂದ್ರಿಯ ಇತ್ಯಾದಿಗಳ ಅನುಭವ ಆಗಿದೆಯಾ ಅಂತ ಕೇಳುತ್ತದೆ. ಅವರವರ ಸಮುದಾಯದಲ್ಲಿ ಸಹಜವಾದ ನಂಬಿಕೆಯನ್ನು ಲಕ್ಷಣ ಅಂತ ಎಣಿಸಬಾರದು ಅಂತ ಡಿಎಸ್‌ಎಂ ಹೇಳುತ್ತದೆ, ಅಂಕ ಕೂಡಿಸುವ ಆ್ಯಪ್‌ಗೆ ಅದೆಲ್ಲ ಎಲ್ಲಿ ಗೊತ್ತು. ಜಾತಕ ಕೂಡಿಸಿ ಮದುವೆಯಾದವರೇ, ನಿಮ್ಮದು ಒಂದಾಯಿತು. ಇನ್ನು 40.