ನಕ್ಷೆ ಕಾಗದದ ಮೇಲಿರುವಾಗಲೇ ಊರವರನ್ನು ಕೇಳಬೇಕು

ನಾನು ನೆಲೆಸಿರುವ ಕೋಪನ್‌ಹೇಗನ್ ನಗರದ ಬಂದರಿನಾಚೆ, ಮಿಡೆಲ್‌ಗ್ರುಂಡೆನ್ ಎಂಬಲ್ಲಿ, 20 ಗಾಳಿಯಂತ್ರಗಳು ಸಮುದ್ರದ ನಡುವೆ ತುಸು ಬಾಗಿದ ಒಂದೇ ಸಾಲಿನಲ್ಲಿ ನಿಂತಿವೆ. ಮೊದಲ ನಕ್ಷೆ ಹೀಗಿರಲಿಲ್ಲ. ಮೂರು ಸಾಲುಗಳಲ್ಲಿ 27 ಯಂತ್ರಗಳನ್ನು ನಿಲ್ಲಿಸುವ ಯೋಜನೆಯನ್ನು ಜನರ ಮುಂದಿಟ್ಟಾಗ ಅದು ಕಡಲಿನ ನೋಟವನ್ನು ಕೆಡಿಸುತ್ತದೆಂಬ ಆಕ್ಷೇಪ ಬಂತು. ಯೋಜಕರು ಯಂತ್ರಗಳ ಸಂಖ್ಯೆಯನ್ನು ಇಳಿಸಿ, ಜೋಡಣೆಯನ್ನೇ ಬದಲಿಸಿದರು. 2000ದಲ್ಲಿ ಪೂರ್ಣಗೊಂಡ ಈ 40 ಮೆಗಾವ್ಯಾಟ್ ಸ್ಥಾವರದ ಅರ್ಧ ಒಡೆತನ 8,000ಕ್ಕೂ ಹೆಚ್ಚು ಸದಸ್ಯರಿದ್ದ ಸಹಕಾರ ಸಂಘದ ಪಾಲಿಗೆ ಬಂತು. ಡೆನ್ಮಾರ್ಕಿನಲ್ಲೂ ಗಾಳಿಯಂತ್ರಗಳಿಗೆ ಊರವರ ವಿರೋಧ ಇಲ್ಲದಿಲ್ಲ. ಆದರೆ ಆ ವಿರೋಧವನ್ನು ಆಲಿಸಿ ನಕ್ಷೆಯನ್ನೇ ತಿದ್ದಿದ ಉದಾಹರಣೆ ಇಲ್ಲಿ ಕಣ್ಣೆದುರಿಗಿದೆ.

ಪಾವಗಡದ ಸೋಲಾರ್ ಪಾರ್ಕ್ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು: ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಅಲ್ಲಿ ಕರ್ನಾಟಕ ಮಾಡಿದ ಒಂದು ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮಳೆಯನ್ನೇ ನಂಬಿದ್ದ ರೈತರ ಜಮೀನನ್ನು ಕಿತ್ತುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗಿ ಕಾಲಕಾಲಕ್ಕೆ ಏರುವ ಬಾಡಿಗೆಗೆ ಗುತ್ತಿಗೆ ಪಡೆದದ್ದರಿಂದ ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. ಡೆನ್ಮಾರ್ಕಿನವರಿಗೂ ತಿಳಿಸಿ ಹೇಳಬಹುದಾದ ಕ್ರಮವಿದು.

ಆದರೆ ಈ ಲೆಕ್ಕದೊಳಗೆ ಬಂದವರು ಪಹಣಿಯಲ್ಲಿ ಹೆಸರಿದ್ದವರು ಮಾತ್ರ. ಅದೇ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಕೂಲಿ ಪಡೆಯುತ್ತಿದ್ದ ಭೂರಹಿತರಿಗೂ, ಕೊಯ್ಲಾದ ಮೇಲೆ ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಬಾಡಿಗೆಯಲ್ಲಿ ಪಾಲಿಲ್ಲ. ನಮ್ಮ ದೇಶದಲ್ಲಿ ಸೌರ ವಿದ್ಯುತ್ ಯೋಜನೆಗಳಿಗೆ ಪರಿಸರ ಅನುಮತಿ ಬೇಕಿಲ್ಲವಾದ್ದರಿಂದ ಅದರ ಅಂಗವಾದ ಸಾರ್ವಜನಿಕ ಅಹವಾಲು ಸಭೆಯೂ ಕಡ್ಡಾಯವಲ್ಲ. ಹೊಗೆಯಿಲ್ಲದ ವಿದ್ಯುತ್ತಿಗೆ ಅಡೆತಡೆ ಕಡಿಮೆಯಿರಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಕುರಿಗಳ ದಾರಿ ಯಾವುದು, ಮಳೆನೀರು ಯಾವ ಹಳ್ಳಕ್ಕೆ ಇಳಿಯುತ್ತದೆ ಎಂಬ ಸಂಗತಿಗಳು ಉಪಗ್ರಹದ ಚಿತ್ರಕ್ಕಿಂತ ಚೆನ್ನಾಗಿ ಆ ಊರಿನವರಿಗೆ ಗೊತ್ತಿರುತ್ತವೆ. ಬೇಲಿ ಹಾಕಿದ ಮೇಲೆ ಕೇಳಿದರೆ ಆ ತಿಳಿವಳಿಕೆ ದೂರಿನ ಅರ್ಜಿಯಾಗುತ್ತದೆ. ಮೊದಲೇ ಕೇಳಿದ್ದರೆ ನಕ್ಷೆಯ ಒಂದು ಗೆರೆಯಾಗಬಹುದಿತ್ತು.

ಹಣವಂತರ ದೇಶದ ಪದ್ಧತಿ ನಮ್ಮ ಹಳ್ಳಿಗೆ ಒಗ್ಗದು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಹಕಾರ ನಮಗೆ ಹೊರಗಿನಿಂದ ಕಲಿಯಬೇಕಾದ ಪಾಠವಲ್ಲ: ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿತ್ತು, ಮತ್ತು ಅದೇ ಜಿಲ್ಲೆಯ ಕಪ್ಪತಗುಡ್ಡದ ಮೇಲೆ ಇಂದು ಗಾಳಿಯಂತ್ರಗಳು ತಿರುಗುತ್ತಿವೆ. ಮುಂದಿನ ಪ್ರತಿ ಯೋಜನೆಯ ಮೊದಲ ಕರಡನ್ನು ಗ್ರಾಮಸಭೆಯ ಮುಂದಿಟ್ಟು, ಬಂದ ಸಲಹೆಗಳಲ್ಲಿ ಯಾವುದನ್ನು ಒಪ್ಪಲಾಯಿತು, ಯಾವುದನ್ನು ಏಕೆ ಬಿಡಲಾಯಿತು ಎಂಬುದನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆದು ಹಾಕಲಿ. ಸ್ಥಾವರದ ಒಂದು ಪಾಲು ಊರಿನ ಸಹಕಾರ ಸಂಘಕ್ಕೆ ಸಿಗಲಿ. ಜಮೀನಿಲ್ಲದವರ ಷೇರಿನ ಮೊತ್ತವನ್ನು ಸರ್ಕಾರ ಸಾಲವಾಗಿ ಕೊಟ್ಟು, ಅದನ್ನು ವಿದ್ಯುತ್ ಮಾರಾಟದ ಆದಾಯದಿಂದಲೇ ವರ್ಷವರ್ಷವೂ ಮುರಿದುಕೊಳ್ಳಲಿ.