ಕಲ್ಲಿದ್ದಲು ಇತ್ತು, ಆದರೂ ಗಾಡಿ ನಿಂತಿತು

ರೈಲಿನ ಆಟ ಅಂದರೆ ಹಳಿ ಜೋಡಿಸೋದು, ಡಿಕ್ಕಿ ತಪ್ಪಿಸೋದು ಅಂತಲೇ ಎಲ್ಲರಿಗೂ ನೆನಪು. ನನಗೆ ಮಾತ್ರ ‘ಸದರ್ನ್ ಬೆಲ್’. 1985ರಲ್ಲಿ ಹ್ಯೂಸನ್ ಕಂಪನಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನೋ ಮನೆ ಕಂಪ್ಯೂಟರಿಗೆ ತಂದ ಆಟ. ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ನಿನಿಂದ ಬ್ರೈಟನ್‌ಗೆ ಉಗಿಬಂಡಿ ಓಡಿಸಬೇಕು, ಅಷ್ಟೇ ಕೆಲಸ. ಆ ಕಂಪ್ಯೂಟರಿನ ಮೆಮೊರಿ 48ಕೆ, ಅಂದರೆ ಬರೀ 48 ಕಿಲೋಬೈಟ್. ನಮ್ಮ ಫ್ಯಾಮಿಲಿ ಗ್ರೂಪಿಗೆ ಬರೋ ಗುಡ್ ಮಾರ್ನಿಂಗ್ ಫೋಟೋನೇ ಅದಕ್ಕಿಂತ ದೊಡ್ಡದಿರುತ್ತದೆ!

ನಾನು ಆಡೋದು ಎಮ್ಯುಲೇಟರ್‌ನಲ್ಲಿ, ಅಂದರೆ ಹಳೇ ಕಂಪ್ಯೂಟರಿನಂತೆ ನಟಿಸೋ ಸಾಫ್ಟ್‌ವೇರ್‌ನಲ್ಲಿ. ಮೊದಲ ಸಲ ಎಂಜಿನ್ನಿಗೆ ಉಗಿ ಬಿಡೋ ಹಿಡಿಕೆ, ಅಂದರೆ ರೆಗ್ಯುಲೇಟರನ್ನು ಪೂರ್ತಿ ತೆರೆದು ಆರಾಮಾಗಿ ಕೂತೆ. ಸ್ವಲ್ಪ ಹೊತ್ತಿಗೆ ಉಗಿಯ ಒತ್ತಡ ಇಳಿಯಿತು. ಕಲ್ಲಿದ್ದಲು ಸುರಿದೆ. ನೀರು ಕಡಿಮೆ ಅನ್ನಿಸಿತು, ನೀರೂ ಬಿಟ್ಟೆ, ತಣ್ಣೀರು ಬಾಯ್ಲರಿಗೆ ಹೋದದ್ದೇ ಒತ್ತಡ ಇನ್ನೂ ಕುಸಿದು ಗಾಡಿ ನಡುದಾರಿಯಲ್ಲಿ ನಿಂತೇ ಹೋಯಿತು. ನಾನು ಮರೆತಿದ್ದು ಕಟ್-ಆಫ್, ಅಂದರೆ ಸಿಲಿಂಡರಿಗೆ ಎಷ್ಟು ಹೊತ್ತು ಉಗಿ ಬಿಡಬೇಕು ಅನ್ನೋ ಹಿಡಿತ. ಹೊರಡುವಾಗ ಸಿಲಿಂಡರಿಗೆ ಉಗಿಯನ್ನು ಜಾಸ್ತಿ ಹೊತ್ತು ಬಿಡಬೇಕು, ವೇಗ ಸಿಕ್ಕ ಮೇಲೆ ಕಡಿಮೆ ಮಾಡುತ್ತಾ ಬರಬೇಕು, ಒಳಗೆ ಹೋದ ಅಷ್ಟೇ ಉಗಿ ಹಿಗ್ಗಿಕೊಂಡು ಮಿಕ್ಕ ಕೆಲಸ ಮಾಡುತ್ತದೆ. ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಎಂಜಿನ್ ಹತ್ತಿ ಎಷ್ಟು ಸಲ ಆ ಹಿಡಿಕೆಗಳನ್ನು ಸುಮ್ನೆ ಎಳೆದಿದ್ದೀನೋ! ಯಾವುದು ಯಾಕೆ ಅಂತ ತಿಳಿದಿದ್ದು ಈ ಆಟದಿಂದ.

ಗ್ರಾಫಿಕ್ಸ್ ಏನೂ ಇಲ್ಲ, ಬರೀ ಗೆರೆ ಅಂತ ಗೆಳೆಯನೊಬ್ಬ ನಗುತ್ತಾನೆ. ಹೌದು, ಗೆರೆಯೇ. ಆದರೆ ಉಗಿಬಂಡಿ ಓಡಿಸೋನು ಹೂವು ಗಿಡ ನೋಡುತ್ತಾ ಹೋಗುತ್ತಿದ್ದನಾ? ಅವನ ಕಣ್ಣು ಸಿಗ್ನಲ್ ಮೇಲೆ, ಒತ್ತಡ ತೋರಿಸೋ ಗೇಜ್ ಮೇಲೆ. ಮರಕ್ಕೆ ಎಲೆ ಬಿಡಿಸೋ ಮೆಮೊರಿಯನ್ನೆಲ್ಲ ಆಟ ಮಾಡಿದವರು ಬೆಂಕಿಗೆ, ನೀರಿಗೆ ಕೊಟ್ಟರು. ನನ್ನ ಪ್ರಕಾರ ಅದೇ ಸರಿ.

ಆ ದಾರಿ ಅಂಥಾ ಕಡಿದಾದದ್ದೇನೂ ಅಲ್ಲ, ಲಂಡನ್ ದಾಟಿದ ಮೇಲೆ ಜಾಸ್ತಿ ಅಂದರೆ 264 ಅಡಿಗೆ ಒಂದು ಅಡಿ ಏರು. ನಡೆದು ಹೋದರೆ ಗೊತ್ತೇ ಆಗಲ್ಲ. ಭಾರದ ಗಾಡಿ ಎಳೆಯೋ ಎಂಜಿನ್ನಿಗೆ ಗೊತ್ತಾಗುತ್ತದೆ. ಇನ್ನು ಬ್ರೈಟನ್ ಕೊನೇ ಸ್ಟೇಷನ್, ಮುಂದೆ ಹಳಿಯೇ ಇಲ್ಲ. ಹಾಗಾಗಿ ಓಡಿಸೋದಕ್ಕಿಂತ ನಿಲ್ಲಿಸೋದೇ ಕಷ್ಟ.

ಮೊನ್ನೆ ರಾತ್ರಿ ಕೊನೆಗೂ ತಲುಪಿದೆ, ತಡವಾಗಿ. ಹಿಂದೆ ನಿಂತು ನೋಡುತ್ತಿದ್ದ ಹೆಂಡತಿ, ‘ಇಷ್ಟು ಹೊತ್ತು ಸೌದೆ ಒಲೆ ನೋಡಿಕೊಂಡ್ರಾ?’ ಅಂದಳು. ಒಂಥರಾ ಹೌದು ಅಂದೆ.