ಅತ್ತಿಗೆಯ ಅಕ್ಕಿ, ನನ್ನ ಕೌಂಟರಿನ ಹುಳ

ಅಮೆರಿಕದಲ್ಲಿರುವ ನಮ್ಮ ಅತ್ತಿಗೆ ಹೋದ ತಿಂಗಳು ವಾಪಸ್ ಹೋಗುವಾಗ ಐದು ಕೆಜಿ ಸೋನಾ ಮಸೂರಿ ಕಟ್ಟಿಸಿಕೊಂಡಿದ್ದರು. ನಮ್ಮದೇ ಗದ್ದೆಯ ಅಕ್ಕಿ, ಅವ್ವ ಎರಡು ಸಲ ಕೇರಿ, ಕಲ್ಲು ಆರಿಸಿ ಕೊಟ್ಟಿದ್ದು. ಅಲ್ಲಿ ಏರ್‌ಪೋರ್ಟಲ್ಲಿ ಸೂಟ್‌ಕೇಸ್ ಬಿಚ್ಚಿಸಿ ಆ ಚೀಲ ಕಿತ್ತುಕೊಂಡರಂತೆ. ಫ್ಯಾಮಿಲಿ ಗ್ರೂಪಲ್ಲಿ ಎರಡು ದಿನ ಅದೇ ಗಲಾಟೆ. "ಅನ್ನಕ್ಕೆ ಬೆಲೆ ಗೊತ್ತಿಲ್ಲದ ಜನ" ಅಂತ ಚಿಕ್ಕಪ್ಪ. ನಾನು ಸುಮ್ನೆ ಇರಬೇಕಿತ್ತು. "ಅವರು ಮಾಡಿದ್ದು ಸರಿಯಾಗಿದೆ ಬಿಡಿ" ಅಂದುಬಿಟ್ಟೆ. ಅವತ್ತಿನಿಂದ ನನ್ನ ಗುಡ್ ಮಾರ್ನಿಂಗಿಗೂ ಉತ್ತರ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದವರಿಗೆ ಇರೋದು ದಾಸ್ತಾನು ಕಾಳು ತಿನ್ನೋ ಖಾಪ್ರಾ ಹುಳದ ಭಯ. ಅದು ನಮ್ಮ ಭಾರತದ ಕಡೆಯದೇ ಹುಳ. ಎರಡು ಮೂರು ಮಿಲಿಮೀಟರ್ ದುಂಬಿ, ಮೈತುಂಬಾ ಕೂದಲಿರುವ ಕಂದು ಮರಿ. ಗೋದಾಮಿನ ಗೋಡೆ ಬಿರುಕಿನಲ್ಲೋ ಚೀಲದ ಹೊಲಿಗೆಯಲ್ಲೋ ಸೇರಿಕೊಂಡರೆ, ತಿನ್ನೋಕೆ ಏನೂ ಇಲ್ಲದೆ ಆ ಮರಿ ವರ್ಷಗಟ್ಟಲೆ ಬದುಕುತ್ತದೆ. 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿತ್ತು. ಇಡೀ ಗೋದಾಮುಗಳಿಗೇ ಟಾರ್ಪಾಲ್ ಹೊದಿಸಿ ವಿಷದ ಹೊಗೆ ಹಾಕಿದರು. ಪೂರ್ತಿ ತೊಲಗಿಸೋಕೆ 1966ರವರೆಗೆ ಹಿಡಿಯಿತು. ಅಷ್ಟು ಪಾಡು ಪಟ್ಟವರು ಐದು ಕೆಜಿ ಅಕ್ಕಿಗೂ ಹೆದರುತ್ತಾರೆ, ಅಲ್ವಾ? ಹುಳ ಯಾವ ದಾರಿಯಲ್ಲಿ ಬರಬಹುದು, ಬಂದರೆ ತಿನ್ನೋಕೆ ಏನಿದೆ, ಹವಾ ಒಗ್ಗುತ್ತದಾ, ಎಷ್ಟು ಬೆಳೆ ಹಾಳಾಗುತ್ತದೆ, ಇದನ್ನೆಲ್ಲ ಹುಳ ಬರೋ ಮುಂಚೆಯೇ ಲೆಕ್ಕ ಹಾಕುವುದಕ್ಕೆ ಪೆಸ್ಟ್ ರಿಸ್ಕ್ ಅನಾಲಿಸಿಸ್ ಅಂತಾರೆ. ಆ ಲೆಕ್ಕ ಅಲ್ಲಿ ಅತ್ತಿಗೆಯ ಸೂಟ್‌ಕೇಸ್‌ವರೆಗೂ ಬಂತು.

ನಮ್ಮಲ್ಲೂ ಲೆಕ್ಕ ಇದೆ. ಬೆಳೆಗೆ ಹಾನಿ ಮಾಡೋ ಹುಳ ತಡೆಯೋಕೆ 1914ರ ಕಾಯ್ದೆ ಇದೆ, ಹೊರದೇಶದ ಗಿಡ ಬೀಜ ತಪಾಸಣೆಗೆ 2003ರ ಪ್ಲಾಂಟ್ ಕ್ವಾರಂಟೈನ್ ಆದೇಶ ಇದೆ, ಯಾವ ದೇಶದ ಯಾವ ಬೀಜ ತರಬಹುದು ಅಂತ ಉದ್ದುದ್ದ ಪಟ್ಟಿ ಇದೆ. ನನ್ನ ತಕರಾರು ಇಷ್ಟೇ, ಅದು ನನ್ನ ಅಂಗಡಿವರೆಗೆ ಬರೋದೇ ಇಲ್ಲ.

ನಂದು ಹೊನ್ನಾಳಿ ಕಡೆ ಬೀಜ ಗೊಬ್ಬರದ ಅಂಗಡಿ. 2018ರ ಮುಂಗಾರಿನಲ್ಲಿ ಯಜಮಾನರೊಬ್ಬರು ಒಂದು ಮೆಕ್ಕೆಜೋಳದ ಗಿಡ ಬೇರುಸಮೇತ ತಂದು ಕೌಂಟರ್ ಮೇಲೆ ಇಟ್ಟರು. ಸುಳಿ ಬಿಡಿಸಿದರೆ ಒದ್ದೆ ಗರಗಸದ ಪುಡಿ ಥರ ಲದ್ದಿ, ಅದರೊಳಗೆ ಹುಳ. ಹಳೇ ಸೈನಿಕ ಹುಳ ಅಂದುಕೊಂಡೆ, ಅದು ನಮ್ಮಲ್ಲಿ ಮೊದಲಿಂದಲೂ ಇದೆಯಲ್ಲ. ಎಂದಿನ ಔಷಧಿ ಕೊಟ್ಟು ಕಳಿಸಿದೆ. ವಾರ ಬಿಟ್ಟು ಮತ್ತೆ ಬಂದರು. ಬೈಯಲಿಲ್ಲ. ಜರಡಿಯಾಗಿದ್ದ ಒಂದು ಎಲೆ ಇಟ್ಟು, "ನಿಮ್ಮ ಎಣ್ಣೆ ಕುಡಿದು ಇನ್ನೂ ದಪ್ಪ ಆಗ್ಯಾವೆ" ಅಂದರು. ತಲೆ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರ, ಹಿಂತುದಿಯಲ್ಲಿ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ ಇದ್ದರೆ ಅದು ಅಮೆರಿಕದಿಂದ ಹೊರಟ ಫಾಲ್ ಆರ್ಮಿವರ್ಮ್ ಅಂತ ನನಗೆ ತಿಳಿದದ್ದು ಆಮೇಲೆ. ದೇಶದಲ್ಲೇ ಮೊದಲು ಅದು ಸಿಕ್ಕಿದ್ದು ಆ ವರ್ಷದ ಮೇ ತಿಂಗಳಲ್ಲಿ, ಇಲ್ಲೇ ಪಕ್ಕದ ಶಿವಮೊಗ್ಗದಲ್ಲಿ.

ನನಗೆ ಸಿಟ್ಟು ಯಾಕೆ ಅಂದರೆ, ಅದು 2016ರಲ್ಲೇ ಆಫ್ರಿಕಾ ತಲುಪಿತ್ತು. ಎರಡೇ ವರ್ಷದಲ್ಲಿ ಅಲ್ಲಿ 40ಕ್ಕೂ ಜಾಸ್ತಿ ದೇಶ ಸುತ್ತಿತ್ತು. ಅದರ ಪತಂಗ ಒಂದು ರಾತ್ರಿಗೆ ನೂರು ಕಿಲೋಮೀಟರ್ ಹಾರಬಲ್ಲದು. ಅದಕ್ಕೆ ಮೆಕ್ಕೆಜೋಳ ಅಂದರೆ ಪ್ರಾಣ, ಇಲ್ಲಿ ದಾವಣಗೆರೆ ಹಾವೇರಿ ತುಂಬಾ ಅದೇ ಬೆಳೆ, ಸಾಯೋಕೆ ಹಿಮ ಬೀಳುವ ಚಳಿಯೂ ಇಲ್ಲ. ಇದಕ್ಕೆ ದೊಡ್ಡ ಲೆಕ್ಕ ಬೇಕಾ? ಹಾರಿ ಬರೋದನ್ನು ಯಾವ ಬಂದರಿನಲ್ಲೂ ತಡೆಯೋಕೆ ಆಗಲ್ಲ, ಒಪ್ಪಿದೆ. ಆದರೆ 2017ರಲ್ಲೇ ಆ ಹುಳದ ತಲೆಯ ಫೋಟೋ ಹಾಕಿ, ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಒಂದು ಹಾಳೆ ನನ್ನ ಕೌಂಟರಿಗೆ ಅಂಟಿಸಿದ್ದರೆ ಮೊದಲ ದಿನವೇ ಗುರುತು ಹಿಡಿಯುತ್ತಿದ್ದೆ. ಮರಿ ಸಣ್ಣದಿದ್ದಾಗ ಹೊಡೆದರೆ ಸಾಯುತ್ತದೆ. ಬಲಿತು ಸುಳಿಯೊಳಗೆ ಲದ್ದಿಯ ಬಿರಡೆ ಹಾಕಿಕೊಂಡಿತೋ, ಔಷಧಿ ಒಳಗೆ ಇಳಿಯೋದೇ ಕಷ್ಟ. ಆ ಒಂದು ವಾರ ಅಂದರೆ ಅಷ್ಟು.

ಮೆಣಸಿನಕಾಯಿಯದ್ದು ಇನ್ನೂ ಬೇಜಾರು. ಹೊರಗಿನಿಂದ ಬಂದ ಕಪ್ಪು ಥ್ರಿಪ್ಸ್ ಅನ್ನೋ ರಸ ಹೀರುವ ಸಣ್ಣ ಹುಳ 2015ರಲ್ಲೇ ಬೆಂಗಳೂರಿನಲ್ಲಿ ಪಪ್ಪಾಯಿ ಗಿಡದ ಮೇಲೆ ಸಿಕ್ಕಿ ದಾಖಲಾಗಿತ್ತು. ಅದು ಆಂಧ್ರ, ತೆಲಂಗಾಣ, ನಮ್ಮ ಬಳ್ಳಾರಿ ಕಡೆ ಮೆಣಸಿನ ಹೂವಿಗೆ ಕೂತು ಫಸಲು ನುಂಗಿದ್ದು 2021ರಲ್ಲಿ. ಮಧ್ಯೆ ಆರು ವರ್ಷ! ಪಪ್ಪಾಯಿ ಹುಳ ಅಂತ ಬರೆದಿಟ್ಟಿದ್ದು ಮೆಣಸಿನ ಹುಳ ಆಗಬಹುದು ಅಂತ ನಮಗೆ ಯಾರು ಹೇಳಬೇಕಿತ್ತು?

ಇನ್ನೊಂದು ವಿಷಯ ಇದೆ, ಗ್ರೂಪಲ್ಲಿ ಹಾಕಿಲ್ಲ. ಅದೇ ಅತ್ತಿಗೆ ಈ ಸಲ ಬರುವಾಗ ತಮ್ಮ ಅಂಗಳದ ಗುಲಾಬಿ ಕಡ್ಡಿಗಳನ್ನು ಒದ್ದೆ ಪೇಪರಲ್ಲಿ ಸುತ್ತಿ, ಸೀರೆಗಳ ಮಧ್ಯೆ ಇಟ್ಟು ತಂದಿದ್ದರು. ಇಲ್ಲಿ ಇಳಿದಾಗ ಯಾರೂ ಕೇಳಲಿಲ್ಲ. ಅವ್ವ ಹಿತ್ತಲಿನ ಕುಂಡದಲ್ಲಿ ನೆಟ್ಟಿದ್ದಾಳೆ. ಚಿಗುರಿದೆ. ನಾನು ದಿನಾ ಬೆಳಿಗ್ಗೆ ಅಂಗಡಿಗೆ ಹೊರಡೋ ಮುಂಚೆ ಎಲೆ ಮಗುಚಿ ನೋಡುತ್ತೇನೆ. ಕಿತ್ತು ಸುಡಬೇಕು ಅಂತ ಗೊತ್ತು. ಅವ್ವ ಅದಕ್ಕೆ ಅಕ್ಕಿ ತೊಳೆದ ನೀರು ಹಾಕುತ್ತಿದ್ದಾಳೆ.